ವರ್ಷಕ್ಕೆರಡು ಸಲ ಬರುವ ಅಕ್ಕನಿಗೆ

ನಾನು ಎಂದೂ ಕಾಣದ, ಆದರೆ ದಿನಾ ಒರೆಸುವ ಗಾಜಿನ ಹಿಂದಿನಿಂದ ನನ್ನನ್ನೇ ನೋಡುವ ಅಕ್ಕನಿಗೆ,

ಮೊನ್ನೆ ನೀನು ಮತ್ತೆ ಬಂದಿದ್ದೆ. ಬೆಳಗಿನ ತಿಂಡಿಯ ಹೊತ್ತು. ನಾನು ನಮ್ಮವರ ತಟ್ಟೆಗೆ ಬಡಿಸುತ್ತಿದ್ದೆ, ಮೇಜಿನ ಮೇಲಿದ್ದ ಅವರ ಫೋನು ಒಮ್ಮೆ ಗುರ್ರೆಂದಿತು. ಎಡಗೈಯಲ್ಲಿ ಎತ್ತಿ ಓದಿದರು, ಬೋರಲಾಗಿ ಇಟ್ಟರು, "ಸಾಕು" ಎಂದರು. ಅರ್ಧ ತಟ್ಟೆ ಹಾಗೇ ಬಿಟ್ಟು ಬಾಲ್ಕನಿಗೆ ಹೋಗಿ ಗಿಡಗಳಿಗೆ ನೀರು ಹಾಕತೊಡಗಿದರು. ಆ ಗಿಡಗಳಿಗೆ ನಾನು ಬೆಳಿಗ್ಗೆ ಎದ್ದ ಕೂಡಲೇ ನೀರು ಹಾಕಿದ್ದೆ. ಕುಂಡಗಳ ಅಡಿಯ ತಟ್ಟೆಗಳು ತುಂಬಿ, ನೀರು ಕೆಳಗಿನ ಮನೆಯವಳು ಒಣಹಾಕಿದ್ದ ಬಟ್ಟೆಯ ಮೇಲೆ ಸುರಿಯಿತು. "ಏನ್ರೀ, ನಿಮ್ಮನೇಲಿ ಮಾತ್ರ ಮಳೆ ಬರ್ತಿದ್ಯಾ?" ಎಂದು ಅವಳು ಕೆಳಗಿನಿಂದ ಕೂಗಿದಳು. ಅವರಿಗೆ ಅದೂ ಕೇಳಿಸಲಿಲ್ಲ. ಕ್ಷಮೆ ಕೇಳಿದ್ದು ನಾನು.

ಫೋನಿನಲ್ಲಿ ಏನಿತ್ತೆಂದು ನಾನು ನೋಡಬೇಕಾಗಿರಲಿಲ್ಲ. ನೀನು ಕೊಂಡಿಟ್ಟಿದ್ದ ಬಾಂಡಿನ ಬಡ್ಡಿ ಜಮಾ ಆಗಿದೆ ಎಂದು ಬ್ಯಾಂಕಿನವರು ಕಳಿಸುವ ಎರಡು ಸಾಲು. ವರ್ಷಕ್ಕೆ ಎರಡು ಸಲ, ಒಂದು ಶಾಲೆ ಶುರುವಾಗುವ ಹೊತ್ತಿಗೆ, ಇನ್ನೊಂದು ಚಳಿಗಾಲದಲ್ಲಿ. ನೀನು ಹೋಗಿ ಒಂಬತ್ತು ವರ್ಷವಾದರೂ ಒಂದು ಸಲವೂ ತಪ್ಪಿಸಿಲ್ಲ. ಬದುಕಿರುವ ನೆಂಟರೂ ಇಷ್ಟು ಸರಿಯಾಗಿ ಬರುವುದಿಲ್ಲ.

ನಿನ್ನನ್ನು 'ನೀವು' ಎನ್ನೋಣವೆಂದು ಹೊರಟೆ. ಕೈ ಓಡಲಿಲ್ಲ. ಜಗಳಕ್ಕೆ ಬಹುವಚನ ಒಗ್ಗುವುದಿಲ್ಲ. ಫೋಟೋದಲ್ಲಿರುವ ನಿನಗಿಂತ ನಾನೀಗ ಹತ್ತು ವರ್ಷ ದೊಡ್ಡವಳು, ಮಂಡಿ ನೋಯುತ್ತದೆ, ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕು. ಆದರೂ ಈ ಮನೆಗೆ ಮೊದಲು ಬಂದವಳು ನೀನು, ಆದ್ದರಿಂದ ಅಕ್ಕ ನೀನೇ. ಸಣ್ಣ ವಯಸ್ಸಿನ ಅಕ್ಕನ ಮುಂದೆ ಮುದುಕಿ ತಂಗಿಯಾಗಿ ನಿಲ್ಲುವ ಹಣೆಬರಹ ಎಷ್ಟು ಜನಕ್ಕೆ ಇರುತ್ತದೋ ಗೊತ್ತಿಲ್ಲ.

ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಬದುಕಿದ್ದ ಸವತಿಯಾದರೆ ಒಂದು ದಿನವಾದರೂ ಉಪ್ಪು ಹೆಚ್ಚು ಹಾಕುತ್ತಾಳೆ, ದಪ್ಪಗಾಗುತ್ತಾಳೆ, ಸಿಡುಕುತ್ತಾಳೆ, ಗಂಡನ ಬಾಯಲ್ಲಿ ಒಂದು ಮಾತು ಅನ್ನಿಸಿಕೊಳ್ಳುತ್ತಾಳೆ. ನೀನು ಏನೂ ಮಾಡುವುದಿಲ್ಲ. ಹಾಲ್‌ನ ಗೋಡೆಯ ಮೇಲೆ ಅದೇ ನೀಲಿ ಅಂಗಿ ಹಾಕಿಕೊಂಡು ನಗುತ್ತಿರುತ್ತೀಯ. ನಾನು ಈ ಮನೆಗೆ ಬಂದ ಹೊಸದರಲ್ಲಿ ನಿನ್ನ ಫೋಟೋವನ್ನು ಒಳಕೋಣೆಗೆ ಸಾಗಿಸುವುದೆಂದು ಎತ್ತಿಕೊಂಡಿದ್ದೆ. ಗೋಡೆಯಲ್ಲಿ ಬಿಳಿ ಚೌಕವೊಂದು ಉಳಿಯಿತು. ಆ ಚೌಕ ನಿನಗಿಂತ ಜಾಸ್ತಿ ನನ್ನನ್ನು ನೋಡತೊಡಗಿದ್ದರಿಂದ ನಿನ್ನನ್ನೇ ತಂದು ಮತ್ತೆ ಅಲ್ಲಿ ನೇತುಹಾಕಿದೆ.

ನಾನು ಯಾರೆಂದು ನಿನಗೆ ಹೇಳಬೇಕಲ್ಲ. ಪರದೆ ಹೊಲಿಯುವವಳು. ದೊಡ್ಡ ರಸ್ತೆಯ ಮೂಲೆಯ ಪರದೆ ಅಂಗಡಿಯಲ್ಲಿ, ಹಿಂದಿನ ಕೋಣೆಯ ಮಷಿನ್ನಿನ ಮುಂದೆ ನನ್ನ ಹಗಲು ಕಳೆಯುತ್ತದೆ. ಆ ಕಟ್ಟಡದ ಲಿಫ್ಟ್ ಕೆಟ್ಟು ನಿಂತಾಗ ರಿಪೇರಿಗೆ ಬಂದವರು ನಿನ್ನ ಗಂಡ. ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡಿದ್ದವಳು ನಾನು. ಬಾಗಿಲ ಸಂದಿಯಿಂದ, "ಹೆದರ್ಕೋಬೇಡಿ, ನಾನಿಲ್ಲೇ ಇದೀನಿ" ಎನ್ನುತ್ತಾ ಒಂದೊಂದೇ ಬೋಲ್ಟ್ ಬಿಚ್ಚಿದರು. ಅದುವರೆಗೆ ಯಾರೂ ನನ್ನ ಜೊತೆ ಅಷ್ಟು ಹೊತ್ತು, ಅಷ್ಟು ಮೆತ್ತಗೆ ಮಾತಾಡಿರಲಿಲ್ಲ. ಮದುವೆಯಾದಾಗ ನನಗೆ ಮೂವತ್ತೇಳು ದಾಟಿತ್ತು, ನಿನ್ನ ಮಗಳಿಗೆ ಒಂಬತ್ತು. ಈಗ ಅವಳಿಗೆ ಹದಿನಾರು, ನನ್ನ ಭುಜಕ್ಕಿಂತ ಮೇಲೆ ಬಂದಿದ್ದಾಳೆ. ನನ್ನನ್ನು ಅಮ್ಮ ಎನ್ನುವುದಿಲ್ಲ, ಚಿಕ್ಕಮ್ಮ ಎನ್ನುವುದಿಲ್ಲ. "ಇಲ್ನೋಡಿ" ಎನ್ನುತ್ತಾಳೆ. ಏಳು ವರ್ಷದಿಂದ ನನ್ನ ಹೆಸರು 'ಇಲ್ನೋಡಿ'.

ಅದಕ್ಕೂ ನಾನು ಹೊಂದಿಕೊಂಡೆ. ಹೊಂದಿಕೊಳ್ಳಲಾಗದ್ದು ಒಂದೇ, ನಿನ್ನ ದುಡ್ಡು. ನಿನ್ನ ಬಡ್ಡಿ ಬಂದ ವಾರ ಅಪ್ಪ ಮಗಳು ಇಬ್ಬರೂ ಪೇಟೆಗೆ ಹೋಗುತ್ತಾರೆ. ಒಂದು ವರ್ಷ ಬೂಟು, ಒಂದು ವರ್ಷ ಸೈಕಲ್ಲು, ಆಮೇಲೆ ಅವಳ ಕನ್ನಡಕ, ಅವಳ ನಕ್ಷೆ ಬರೆಯುವ ಹಲಗೆ. ಮನೆಗೆ ಬಂದವರು "ಚೆನ್ನಾಗಿದೆ, ಎಲ್ಲಿ ತಗೊಂಡೆ?" ಎಂದು ಕೇಳಿದರೆ ಅವಳು ಎಲ್ಲಿ ಎಂದು ಹೇಳುವುದಿಲ್ಲ, "ಅಮ್ಮನ ದುಡ್ಡಲ್ಲಿ" ಎನ್ನುತ್ತಾಳೆ. ಈ ಮನೆಯಲ್ಲಿ ಅದೊಂದು ಜಾತಿಯೇ ಬೇರೆ, ಅಮ್ಮನ ದುಡ್ಡು. ನಾನು ಬೆನ್ನು ಬಗ್ಗಿಸಿ ಹೊಲಿದು ತಂದ ಸಂಬಳದಲ್ಲಿ ಗ್ಯಾಸು ಬರುತ್ತದೆ, ಸಾಬೂನು ಬರುತ್ತದೆ, ಅವಳ ತಿಂಗಳ ಪ್ಯಾಡು ಬರುತ್ತದೆ, ಅವಳ ಹಲ್ಲಿಗೆ ತಂತಿ ಬಿಗಿಸಿದ್ದೂ ಅದರಲ್ಲೇ. ಒಂದು ದಿನವಾದರೂ ಯಾರಾದರೂ ನಕ್ಕು, ಈ ನೇರ ಹಲ್ಲು ಯಾರ ದುಡ್ಡಲ್ಲಿ ಎಂದು ಹೇಳಿದ್ದುಂಟೇ?

ನಿನ್ನ ಬಾಂಡಿನ ಮೇಲೆ ನೂರಕ್ಕೆ ಒಂಬತ್ತು ಎಂದು ಬರೆದಿತ್ತು. ವಿದ್ಯುತ್ ಕಂಪನಿಗೆ ನೀನು ಕೊಟ್ಟ ಸಾಲ ಅದು. ವರ್ಷಕ್ಕೆ ಒಂಬತ್ತು ಬಡ್ಡಿ, ಅವಧಿ ಮುಗಿದಾಗ ಅಸಲು. ನಾನು ಅಂದುಕೊಂಡೆ, ಇವಳದ್ದು ಒಂಬತ್ತಾದರೆ ನನ್ನದು ಹತ್ತಾದರೂ ಆಗಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇಲ್ಲಿ ಎಮ್ಮೆಯೇ ಎದ್ದು ಹೋಗಿ ಬರೆ ಹಾಕಿಸಿಕೊಂಡಿತು.

ನಮ್ಮ ಅಂಗಡಿ ಯಜಮಾನ ಷೇರಿನ ಹುಚ್ಚಿನವನು. ಗಿರಾಕಿ ಇಲ್ಲದ ಮಧ್ಯಾಹ್ನ ಫೋನಿನಲ್ಲಿ ಅದೇ ನೋಡುತ್ತಾನೆ. "ಸಿಮೆಂಟ್ ಚೀಲ ಮಾಡೋ ಕಂಪನಿ ಒಂದಿದೆ ನೋಡಮ್ಮ, ಡಿವಿಡೆಂಡ್ ಇಳುವರಿ ನೂರಕ್ಕೆ ಹದಿನಾಲ್ಕು!" ಎಂದ. ಡಿವಿಡೆಂಡ್ ಎಂದರೆ ಕಂಪನಿ ತನ್ನ ಲಾಭದಲ್ಲಿ ಪಾಲುದಾರರಿಗೆ ಹಂಚುವುದು, ಇಳುವರಿ ಎಂದರೆ ಷೇರಿನ ಬೆಲೆಯಲ್ಲಿ ನೂರಕ್ಕೆ ಅದು ಎಷ್ಟಾಯಿತು ಎಂಬ ಲೆಕ್ಕ. ಹದಿನಾಲ್ಕು ಕಿವಿಗೆ ಬಿದ್ದಿದ್ದೇ ತಡ, ನಿನ್ನ ಒಂಬತ್ತು ನನ್ನ ಕಣ್ಣ ಮುಂದೆ ಸಣ್ಣಗಾಯಿತು. ಮದುವೆಗೆ ಮೊದಲಿನಿಂದ ಕೂಡಿಟ್ಟಿದ್ದರಲ್ಲಿ ಮುಕ್ಕಾಲು ಪಾಲು ತೆಗೆದು ಆ ಷೇರು ಕೊಂಡೆ. ಡಿವಿಡೆಂಡ್ ಬಂದ ದಿನ ಮಗಳನ್ನು ಪೇಟೆಗೆ ಕರೆದುಕೊಂಡು ಹೋಗುವುದು, ಅವಳಿಗೆ ಚೆಂದದ ಕೈಗಡಿಯಾರ ಕೊಡಿಸುವುದು, ಯಾರಾದರೂ ಕೇಳಿದಾಗ ಅವಳು ಏನು ಹೇಳುತ್ತಾಳೋ ಪಕ್ಕದಲ್ಲಿ ನಿಂತು ಕೇಳುವುದು, ಇದಿಷ್ಟು ನನ್ನ ಯೋಜನೆ.

ಬಂದಿದ್ದು ನೂರಕ್ಕೆ ಮೂರು. ಫೋನ್ ಏನೋ ಗುರ್ರೆಂದಿತು, ಆದರೆ ಅದು ತಂದ ದುಡ್ಡಿಗೆ ಗಡಿಯಾರದ ಪಟ್ಟಿಯೂ ಬರುತ್ತಿರಲಿಲ್ಲ. ಯಜಮಾನನನ್ನು ಕೇಳಿದರೆ, "ಷೇರು ಅಂದ್ರೆ ಹಾಗೇನೇ" ಎಂದು ಗಿರಾಕಿಯ ಕಡೆ ತಿರುಗಿದ.

ಆಮೇಲೆ ಗೊತ್ತಾಯಿತು ಹದಿನಾಲ್ಕರ ಹಿಂದಿನ ಕಥೆ. ನಾನು ಕೊಳ್ಳುವ ಹಿಂದಿನ ವರ್ಷ ಆ ಷೇರಿನ ಬೆಲೆ ಇನ್ನೂರಿತ್ತು, ಕಂಪನಿ ಹದಿನಾಲ್ಕು ಹಂಚಿತ್ತು. ಅಂದರೆ ನೂರಕ್ಕೆ ಏಳು. ಆಮೇಲೆ ಕಂಪನಿಯ ವ್ಯಾಪಾರ ಬಿದ್ದು ಷೇರಿನ ಬೆಲೆ ನೂರಕ್ಕಿಳಿಯಿತು. ಆ ಹಿಂದಿನ ವರ್ಷದ ಹದಿನಾಲ್ಕನ್ನು ನಾನು ಕೊಂಡ ವರ್ಷದ ನೂರರ ಮೇಲಿಟ್ಟು ನೋಡಿದರೆ ನೂರಕ್ಕೆ ಹದಿನಾಲ್ಕು ಎಂದು ಕಾಣುತ್ತದೆ. ಇಳುವರಿ ಏರಿದ್ದು ಕಂಪನಿ ಹೆಚ್ಚು ಕೊಟ್ಟಿದ್ದರಿಂದಲ್ಲ, ಅದರ ಬೆಲೆ ಬಿದ್ದಿದ್ದರಿಂದ. ಹಂಚಿದ್ದು ಹಿಂದಿನ ವರ್ಷದ ಮಾತು, ಮುಂದಿನ ವರ್ಷ ಇಷ್ಟೇ ಹಂಚುತ್ತೇವೆಂದು ಅವರು ಯಾರಿಗೂ ಬರೆದುಕೊಟ್ಟಿರಲಿಲ್ಲ. ಅಕ್ಕ, ಅರ್ಧ ಬೆಲೆಗೆ ಮಾರಾಟಕ್ಕಿಟ್ಟ ಬಟ್ಟೆ ಕಂಡರೆ ನಾನು ಮೊದಲು ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿಯುವವಳು. ಬಿಸಿಲಿಗೆ ಮಡಿಕೆಯ ಜಾಗ ಮಾಸಿರುತ್ತದೆ, ಅದಕ್ಕೇ ಅರ್ಧ ಬೆಲೆ. ಆ ದಿನ ಮಾತ್ರ ಮಡಿಕೆ ಬಿಚ್ಚಲಿಲ್ಲ. ನಿನ್ನ ನೀಲಿ ಅಂಗಿ ಕಣ್ಣಿಗೆ ಅಡ್ಡ ನಿಂತಿತ್ತು.

ಇಂಗು ತಿಂದ ಮಂಗನ ಹಾಗೆ ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಈ ವರ್ಷ ಇನ್ನಷ್ಟು ಬೆಲೆ ಬಿದ್ದಾಗ ತಡೆಯಲಾರದೆ ಷೇರಿನ ಆಫೀಸಿಗೆ ಹೋದೆ. ಅಲ್ಲೊಬ್ಬಳು ಕನ್ನಡಕದ ಹುಡುಗಿ, ಮೇಜಿನ ಮೇಲೆ ಪುಟ್ಟ ಫ್ಯಾನಿಟ್ಟುಕೊಂಡು ಕೂತಿದ್ದಳು. ನನ್ನ ಗೋಳು ಕೇಳಿದ ಮೇಲೆ, "ಬಾಂಡ್ ತಗೋಬಹುದಿತ್ತಲ್ಲ ಮೇಡಂ" ಎಂದಳು. ಗಾಯದ ಮೇಲೆ ಬರೆ. ನಮ್ಮ ಮನೆಯಲ್ಲೂ ಒಂದಿದೆ, ಅದರ ಗತಿ ಏನಾಗಿದೆ ನೋಡಿ ಎಂದು ನಿನ್ನ ಬಾಂಡಿನ ವಿವರ ಹೇಳಿದೆ. ಅವಳು ಕಂಪ್ಯೂಟರಿನಲ್ಲಿ ಹುಡುಕಿ, "ಇಳುವರಿ ಈಗ ಆರು" ಎಂದಳು.

ಆರು! ನನ್ನ ಎದೆಯೊಳಗೆ ಯಾರೋ ಪಟಾಕಿ ಹಚ್ಚಿದ ಹಾಗಾಯಿತು. ಒಂಬತ್ತಿದ್ದವಳು ಆರಕ್ಕಿಳಿದಿದ್ದಾಳೆ. ಹುಡುಗಿ, "ಮೇಡಂ, ಪೂರ್ತಿ ಕೇಳಿ..." ಎನ್ನುತ್ತಲೇ ಇದ್ದಳು. ನಾನು ಆಗಲೇ ಮೆಟ್ಟಿಲಿಳಿಯುತ್ತಿದ್ದೆ. ದಾರಿಯಲ್ಲಿ ಹಣ್ಣಿನ ಅಂಗಡಿಯ ಮುಂದೆ ನಿಂತು ಒಂದು ಡಜನ್ ಬಾಳೆಹಣ್ಣು ಕೊಂಡೆ, ಯಾವ ಸಂತೋಷಕ್ಕೆಂದು ಯಾರೂ ಕೇಳಲಿಲ್ಲ.

ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. "ಗೊತ್ತಾ? ಆ ಬಾಂಡು ಈಗ ಬರೀ ಆರು ಪರ್ಸೆಂಟಂತೆ." ನನ್ನ ದನಿಯಲ್ಲಿ ಎಷ್ಟು ಸಕ್ಕರೆ ಇತ್ತೆಂದು ನನಗೇ ಕೇಳಿಸಿತು. ಅವರು ನೀರಿನ ಲೋಟ ಎತ್ತಿದವರು ಕುಡಿಯದೆ ಇಟ್ಟರು. ಮಗಳು ತಟ್ಟೆಯಿಂದ ತಲೆಯೆತ್ತಿ ನನ್ನನ್ನು ನೋಡಿದಳು. ಬೈದಿದ್ದರೆ ಬೈಯಿಸಿಕೊಳ್ಳುತ್ತಿದ್ದೆ. ಅವಳು, "ಅಂದ್ರೆ ಅಮ್ಮನ ದುಡ್ಡು ಕಡಿಮೆಯಾಯ್ತಾ?" ಎಂದು ಕೇಳಿದಳು, ಚಿಕ್ಕ ಮಗುವಿನ ದನಿಯಲ್ಲಿ. ಆ ಬಾಳೆಹಣ್ಣು ಯಾರೂ ಮುಟ್ಟಲಿಲ್ಲ.

ಅದೇ ವಾರ ಅವಳಿಗೆ ಕೋರ್ಸಿನಲ್ಲಿ ಸೀಟು ಸಿಕ್ಕಿತು. ಕಟ್ಟಡಗಳ ನಕ್ಷೆ ಬರೆಯುವ ಕೋರ್ಸು. ಅಪ್ಪನ ಜೊತೆ ಲಿಫ್ಟಿನ ಗುಂಡಿಗಳಲ್ಲಿ ಇಣುಕಿ ಇಣುಕಿ ಹುಟ್ಟಿದ ಆಸೆ ಅದು, ಲಿಫ್ಟ್ ಇಡುವ ಜಾಗವನ್ನು ಯಾವ ಎಂಜಿನಿಯರೂ ಸರಿಯಾಗಿ ಬಿಡುವುದಿಲ್ಲ, ನಾನು ಬಿಡುತ್ತೇನೆ ಎನ್ನುತ್ತಾಳೆ. ಮೊದಲ ವರ್ಷದ ಫೀಸು ಒಂದೇ ಕಂತಿನಲ್ಲಿ ಕಟ್ಟಬೇಕಿತ್ತು. ಮಗಳು ಸ್ನಾನಕ್ಕೆ ಹೋಗಿದ್ದಾಗ ಅವರು ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತರು. "ಆ ಬಾಂಡ್ ಮಾರ್ಬಿಡೋಣ್ವಾ? ಹೇಗೂ ಆರಕ್ಕೆ ಬಂದಿದೆ ಅಂದ್ಯಲ್ಲ. ನೀನೇ ಹೇಳು. ನೀನು ಹೇಳಿದ ಹಾಗೆ ಮಾಡ್ತೀನಿ."

ಏಳು ವರ್ಷದಿಂದ ನಾನು ಕಾದಿದ್ದು ಈ ಮಾತಿಗೆ. ಹೂಂ ಎಂದರೆ ಮುಗಿಯಿತು. ಫೋನು ಗುರ್ರೆನ್ನುವುದಿಲ್ಲ, ಊಟ ಅರ್ಧಕ್ಕೆ ನಿಲ್ಲುವುದಿಲ್ಲ, ಬಾಲ್ಕನಿಯಲ್ಲಿ ಪ್ರವಾಹವಿಲ್ಲ. ನೀನು ಫೋಟೋದಲ್ಲಿ ಇರುತ್ತೀಯ, ಇರು, ಆದರೆ ವರ್ಷಕ್ಕೆರಡು ಸಲ ಬಾಗಿಲು ತಟ್ಟುವುದು ನಿಲ್ಲುತ್ತದೆ. ಹೂಂ ಎನ್ನಲು ಬಾಯಿ ತೆರೆದೆ. "ಯಾವಾಗ ಕೊಂಡಿದ್ದು ಅದನ್ನ?" ಎಂಬ ಮಾತು ಹೊರಬಂತು. ಯಾಕೆ ಕೇಳಿದೆನೋ.

ಅವರು ಮೇಜಿನ ಮೇಲಿನ ಚೂರುಗಳನ್ನು ಬೆರಳಿನಿಂದ ಒಂದೆಡೆ ಗುಡ್ಡೆ ಮಾಡುತ್ತಾ ಹೇಳಿದರು. ನೀನು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಬಿಟ್ಟಾಗ ಬಂದ ಇಡಿಗಂಟು ಅದು. ಕಾಯಿಲೆ ಎಷ್ಟು ಮುಂದೆ ಹೋಗಿದೆಯೆಂದು ಡಾಕ್ಟರು ಇಬ್ಬರಿಗೂ ಹೇಳಿ ಆಗಿತ್ತು. "ಬ್ಯಾಂಕಿನವನು ಐದು ವರ್ಷದ್ದಿದೆ, ಹತ್ತು ವರ್ಷದ್ದಿದೆ ಅಂದ. ಅವಳು, ಎಲ್ಲಕ್ಕಿಂತ ಉದ್ದದ್ದು ಕೊಡಿ ಅಂದ್ಲು. ಹದಿನೈದು ವರ್ಷದ್ದು. ಅವನಿಗೇನು ಗೊತ್ತು, ಗಟ್ಟಿಮುಟ್ಟಾದ ಹೆಂಗಸು ಅಂದ್ಕೊಂಡ." ಅಷ್ಟು ಹೇಳಿ ಎದ್ದು ಕೆಲಸದ ಚೀಲ ಹುಡುಕತೊಡಗಿದರು. ಚೀಲ ಅವರ ಹೆಗಲಲ್ಲೇ ಇತ್ತು.

ಅಕ್ಕ, ಆ ಕ್ಷಣ ನಿನ್ನ ಮೇಲೆ ಬಂದ ಹೊಟ್ಟೆಕಿಚ್ಚು ಅದಕ್ಕೆ ಮೊದಲು ಯಾವತ್ತೂ ಬಂದಿರಲಿಲ್ಲ. ದಿನ ಎಣಿಸುತ್ತಿದ್ದವಳು ಹದಿನೈದು ವರ್ಷದ ಕಾಗದ ಕೊಂಡೆಯಲ್ಲ! ಮಗಳು ಇಪ್ಪತ್ತೆರಡಾಗಿ ತನ್ನ ಕಾಲ ಮೇಲೆ ನಿಲ್ಲುವ ತನಕ ವರ್ಷಕ್ಕೆರಡು ಸಲ ಬಂದು ಹೋಗುವ ದಾರಿ ಮಾಡಿಕೊಂಡೆ. ನಾನು ಲಕ್ಷಣವಾಗಿ ಬದುಕಿದ್ದೂ ನಾಳೆಯ ಬಗ್ಗೆ ಅಷ್ಟು ಗಟ್ಟಿಯಾಗಿ ಯೋಚಿಸಿದವಳಲ್ಲ. ಹದಿನಾಲ್ಕು ಪರ್ಸೆಂಟಿಗೆ ಬಾಯಿ ಬಿಟ್ಟವಳು. ನಿನ್ನ ಹಾಗೆ ಪ್ರೀತಿಸಲು ನನಗೆ ಬರುತ್ತದೆಯೇ ಎಂಬ ಅನುಮಾನ ಬಂತು, ಅದಕ್ಕೆ ಉತ್ತರ ಗೊತ್ತಿಲ್ಲದ್ದರಿಂದ ಇನ್ನಷ್ಟು ಉರಿಯಿತು.

ಮರುದಿನ ಮತ್ತೆ ಕನ್ನಡಕದ ಹುಡುಗಿಯ ಹತ್ತಿರ ಹೋದೆ. ಮಾರಿದರೆ ಎಷ್ಟು ಬರುತ್ತದೆಂದು ಕೇಳಲು. "ಈಗಲಾದ್ರೂ ಪೂರ್ತಿ ಕೇಳ್ತೀರಾ?" ಎಂದು ಫ್ಯಾನನ್ನು ನನ್ನ ಕಡೆ ತಿರುಗಿಸಿದಳು. ನಿನ್ನ ಬಾಂಡಿನ ಬಡ್ಡಿ ಒಂಬತ್ತು ಕಡಿಮೆಯಾಗಿಲ್ಲವಂತೆ. ಅದು ಕೊನೆಯವರೆಗೂ ಒಂಬತ್ತೇ. ಕಡಿಮೆಯಾಗಿರುವುದು ಹೊರಗಿನ ಬಡ್ಡಿ. ಈಗ ಹೊಸದಾಗಿ ಬರುವ ಅಂಥ ಬಾಂಡುಗಳು ಆರು ಕೊಟ್ಟರೆ ಹೆಚ್ಚು. ಹಾಗಾಗಿ ನಿನ್ನ ಒಂಬತ್ತರ ಬಾಂಡಿಗೆ ಜನ ಮುಗಿಬೀಳುತ್ತಾರೆ, ನೂರರ ಕಾಗದಕ್ಕೆ ನೂರ ಹದಿನೈದು ಕೊಡಲು ಸಿದ್ಧ. ಅಷ್ಟು ಕೊಟ್ಟು ಕೊಂಡವನಿಗೆ ಬಡ್ಡಿ ಒಂಬತ್ತೇ ಬಂದರೂ, ಆರು ವರ್ಷದ ಮೇಲೆ ಕೈಗೆ ಬರುವ ಅಸಲು ನೂರು ಮಾತ್ರ. ಹೆಚ್ಚಿಗೆ ಕೊಟ್ಟ ಹದಿನೈದು ಹೋಯಿತು. ಅದನ್ನು ಕಳೆದು ಲೆಕ್ಕ ಹಾಕಿದರೆ ಅವನ ಪಾಲಿಗೆ ಉಳಿಯುವ ಇಳುವರಿ ಸುಮಾರು ಆರು. "ಆರು ಅನ್ನೋದು ಇವತ್ತು ಕೊಳ್ಳೋರಿಗೆ ಮೇಡಂ. ಅವತ್ತು ನೂರಕ್ಕೆ ಕೊಂಡೋರಿಗೆ ಇವತ್ತೂ ಒಂಬತ್ತೇ. ಬೆಲೆ ಮೇಲೆ ಹೋದ್ರೆ ಇಳುವರಿ ಕೆಳಗೆ, ಬೆಲೆ ಬಿದ್ರೆ ಇಳುವರಿ ಮೇಲೆ."

ನೀನು ಇಳಿದಿದ್ದೀಯೆಂದು ನಾನು ಬಾಳೆಹಣ್ಣು ಹಂಚಲು ಹೊರಟಿದ್ದೆ, ನೀನು ಏರಿದ್ದೆ! ನನ್ನ ಚೀಲದ ಕಂಪನಿಯ ಇಳುವರಿ ಹದಿನಾಲ್ಕು ಕಂಡದ್ದು ಅದು ಬಿದ್ದಿದ್ದರಿಂದ, ನಿನ್ನದು ಆರು ಕಂಡದ್ದು ನೀನು ಮೇಲೆ ಹೋಗಿದ್ದರಿಂದ. ಎರಡನ್ನೂ ನಾನು ತಲೆಕೆಳಗಾಗಿ ಓದಿದ್ದೆ. ಹೊಟ್ಟೆ ಉರಿಯುವಾಗ ಲೆಕ್ಕ ಬಾರದೆಂದು ಯಾರಾದರೂ ನನಗೆ ಮೊದಲೇ ಹೇಳಬೇಕಿತ್ತು. "ಯಾರ ಬಾಂಡ್ ಮೇಡಂ ಇದು?" ಎಂದು ಹುಡುಗಿ ಕೇಳಿದಳು. "ನಮ್ಮಕ್ಕಂದು" ಎಂದೆ. "ಜಾಣೆ ಇದಾರೆ" ಎಂದಳು. ಅವಳಿಗೂ ನಿನ್ನದೇ ಗುಣಗಾನ.

ಅಲ್ಲೇ ತೀರ್ಮಾನ ಮಾಡಿದೆ, ಮಾರುವುದಿಲ್ಲ. ದೊಡ್ಡ ಮನಸ್ಸಿನಿಂದ ಎಂದು ತಿಳಿಯಬೇಡ. ಅಪ್ಪಟ ಹೊಟ್ಟೆಕಿಚ್ಚಿನಿಂದ. ನಿನ್ನ ಬಾಂಡು ಮಾರಿ ಫೀಸು ಕಟ್ಟಿದರೆ ಏನಾಗುತ್ತದೆ? ಅವಳು ಓದಿ ಕಟ್ಟಡ ಕಟ್ಟಿಸಿ, ಅದರ ಮುಂದೆ ನಿಂತು, "ನಾನು ಓದಿದ್ದು ಅಮ್ಮನ ದುಡ್ಡಲ್ಲಿ" ಎನ್ನುತ್ತಾಳೆ. ಬೂಟಿನಲ್ಲಿ ಸೋತೆ, ಸೈಕಲ್ಲಿನಲ್ಲಿ ಸೋತೆ, ಇದೊಂದನ್ನು ನಿನಗೆ ಬಿಟ್ಟುಕೊಡಲು ನಾನೇನು ಹುಚ್ಚಿಯೇ? ಹುಡುಗಿಗೆ ನನ್ನ ಚೀಲದ ಷೇರುಗಳನ್ನೇ ಮಾರಲು ಹೇಳಿದೆ. ನೂರು ಕೊಟ್ಟದ್ದಕ್ಕೆ ಎಪ್ಪತ್ತು ಬಂತು. ಮಾಡಿದ್ದುಣ್ಣೋ ಮಹಾರಾಯ. ಉಳಿದದ್ದಕ್ಕೆ ಹೊಸ ಹೋಟೆಲೊಂದರ ಕಿಟಕಿ ಪರದೆಗಳ ಕೆಲಸ ಒಪ್ಪಿಕೊಂಡು, ಕೂಲಿ ಮುಂಗಡವಾಗಿ ಕೊಡಬೇಕೆಂದು ಯಜಮಾನನ ಜೊತೆ ಜಗಳವಾಡಿದೆ. ಅವನು ತಲೆ ಕೆರೆದುಕೊಂಡು ಕೊಟ್ಟ. ಆ ಹದಿನಾಲ್ಕರ ಋಣ ಅವನ ತಲೆ ಮೇಲಿತ್ತಲ್ಲ.

ಮನೆಗೆ ಬಂದು ಅವರಿಗೆ ಹೇಳಿದೆ: "ಮಾರೋದು ಬೇಡ. ಆರು ಅಂತ ನಾನು ಹೇಳಿದ್ದು ತಪ್ಪು ಲೆಕ್ಕ. ಅದು ಈಗಲೂ ಒಂಬತ್ತೇ." ಮಗಳು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಳು. "ನಿಜವಾಗ್ಲೂ ಕಡಿಮೆಯಾಗಿಲ್ವಾ?" ಎಂದಳು. "ಕಡಿಮೆಯಾಗಿಲ್ಲ ಕಣೆ. ಹೊರಗೆ ನೂರಕ್ಕೆ ನೂರಹದಿನೈದು ಕೊಡ್ತೀವಿ ಅಂತ ಕ್ಯೂ ನಿಂತಿದಾರೆ ನಿಮ್ಮಮ್ಮಂಗೆ" ಎಂದೆ. ಅವಳು ನಕ್ಕಳು. ಆ ತಂತಿ ಬಿಗಿಸಿದ ಹಲ್ಲು ಎಷ್ಟು ನೇರವಾಗಿ ಕೂತಿವೆಯೆಂದು ನಾನು ಅಂದೇ ಸರಿಯಾಗಿ ನೋಡಿದ್ದು.

ನಿನ್ನೆ ಫೀಸು ಕಟ್ಟಲು ನಾವಿಬ್ಬರೇ ಹೋಗಿದ್ದೆವು, ಅವರಿಗೆ ಯಾವುದೋ ಆಸ್ಪತ್ರೆಯ ಲಿಫ್ಟ್ ಕೆಟ್ಟಿತ್ತು. ನೀನು ಮೊನ್ನೆ ತಂದ ಬಡ್ಡಿಯನ್ನು ಮುಟ್ಟಿರಲಿಲ್ಲ, ಅದು ಅವಳ ಡ್ರಾಯಿಂಗ್ ಪೆಟ್ಟಿಗೆಗೆಂದು. ನಾನು ನನ್ನ ದುಡ್ಡನ್ನು ಬ್ಯಾಂಕಿನಿಂದ ಬಿಡಿಸಿ ಒಳ್ಳೆಯ ಕವರಿನಲ್ಲಿಟ್ಟುಕೊಂಡು, ಒಳ್ಳೆಯ ಬಟ್ಟೆ ಉಟ್ಟುಕೊಂಡು ಹೋಗಿದ್ದೆ. ಕೌಂಟರಿನ ಹಿಂದೆ ಕೂತಿದ್ದ ಗುಮಾಸ್ತ ತಲೆಯೆತ್ತದೆ ಕೇಳಿದ, "ಸಾಲದ್ದಾ, ಸ್ಕಾಲರ್‌ಶಿಪ್ಪಾ, ಹೇಗೆ ಕಟ್ತೀರಿ?"

ಇದೇ ಆ ಗಳಿಗೆ. ಅವಳಿಗೆ ಎಲ್ಲ ಗೊತ್ತಿತ್ತು, ಷೇರು ಮಾರಿದ್ದು, ಹೋಟೆಲಿನ ಪರದೆ, ಎಲ್ಲ. ನಾನು ಅವಳ ಬಾಯಿಯನ್ನೇ ನೋಡುತ್ತಿದ್ದೆ.

"ಎರಡೂ ಅಲ್ಲ ಸರ್, ಮನೆ ದುಡ್ಡು" ಎಂದಳು.

ಮನೆ ದುಡ್ಡು! ನನ್ನ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕಲ್ಲ, ಸಿಟ್ಟಿಗೆ. ನಷ್ಟಕ್ಕೆ ಮಾರಿದವಳು ನಾನು, ಇನ್ನು ಮೂರು ತಿಂಗಳು ಬೆನ್ನು ಮುರಿಯಬೇಕಾದವಳು ನಾನು, ಆ ದುಡ್ಡಿಗೆ ಒಂದು ಹೆಸರೂ ಇಲ್ಲವೇ? ಅವಳು ರಸೀತಿ ಇಸಿದುಕೊಂಡು, ಮಡಿಸಿ, ಕೇಳದೆಯೇ ನನ್ನ ಕೈಚೀಲದ ಬಾಯಿ ತೆರೆದು ಒಳಗಿಟ್ಟಳು. ಅಲ್ಲೇ ಕೈಯಾಡಿಸಿ ನನ್ನ ನೀರಿನ ಬಾಟಲಿ ತೆಗೆದು ಕುಡಿದಳು. ನಾಲ್ಕು ಚಿಲ್ಲರೆ ಕಾಸು ಸಿಕ್ಕಿತು, ಬಸ್ಸಿಗೆಂದು ತೆಗೆದುಕೊಂಡಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಅವಳು, ಈಚೆ ನಾನು. ಆಗ ಹೊಳೆಯಿತು ನೋಡು. ನಿನ್ನ ದುಡ್ಡನ್ನು ಅವಳು ಎಂದೂ ಹೀಗೆ ಮುಟ್ಟಿದವಳಲ್ಲ. ಅದು ಬಂದರೆ ಅಪ್ಪನನ್ನು ಕೇಳುತ್ತಾಳೆ, ಅದರಲ್ಲಿ ಏನು ಕೊಳ್ಳುವುದೆಂದು ವಾರಗಟ್ಟಲೆ ಯೋಚಿಸುತ್ತಾಳೆ, ಕೊಂಡದ್ದನ್ನು ಎಲ್ಲರಿಗೂ ಹೆಸರು ಹೇಳಿ ತೋರಿಸುತ್ತಾಳೆ. ದೂರದಿಂದ ಬಂದವರು ತಂದದ್ದಕ್ಕೆ ತಾನೆ ನಾವು ಹೆಸರು ಹೇಳುವುದು? ನನ್ನದಕ್ಕೆ ಹೆಸರಿಲ್ಲ, ಅದು ಮನೆಯಲ್ಲೇ ಇರುತ್ತದೆ. ಗ್ಯಾಸಿಗೆ, ಸಾಬೂನಿಗೆ, ಹಲ್ಲಿನ ತಂತಿಗೆ ಯಾರೂ ಹೆಸರು ಹೇಳಲಿಲ್ಲವೆಂದು ಏಳು ವರ್ಷ ಕೊರಗಿದೆನಲ್ಲ, ಅವಳು ನನಗೆ ಲೆಕ್ಕ ಕೊಡಬೇಕೆಂದು ಕೂಡ ಅಂದುಕೊಂಡಿರಲಿಲ್ಲ. "ಇಲ್ನೋಡಿ" ಎಂದಳು ಆಗಲೇ, ಕಿಟಕಿಯಾಚೆ ಕೈ ತೋರಿಸುತ್ತಾ, "ಆ ಬಿಲ್ಡಿಂಗ್‌ಗೆ ನೀವು ಹೊಲಿದ ಪರದೆ ಅಲ್ವಾ?" ನನ್ನವೇ. ಮೂರನೇ ಮಹಡಿ, ಹಸಿರು. ಅವಳಿಗೆ ಅದು ಹೇಗೆ ಗೊತ್ತೋ, ಬಸ್ಸು ಮುಂದೆ ಹೋದ ಮೇಲೂ ನಾನು ತಿರುಗಿ ತಿರುಗಿ ನೋಡಿದೆ.

ಅಕ್ಕ, ಹೊಟ್ಟೆಕಿಚ್ಚು ಹೋಯಿತೆಂದು ಸುಳ್ಳು ಹೇಳಲಾರೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನ ಇದನ್ನು ಬರೆಯುತ್ತಿರುವಾಗಲೂ ನಿನ್ನ ನೀಲಿ ಅಂಗಿ ನೆನಪಾಗಿ ಒಳಗೊಳಗೇ ಉರಿಯುತ್ತದೆ. ಅವರು ನನಗಾಗಿ ಯಾವತ್ತೂ ಹಾಗೆ ಊಟ ಬಿಟ್ಟು ಎದ್ದವರಲ್ಲ. ನಾನು ಎದುರಿಗೇ ಇರುವಾಗ ಎದ್ದು ಎಲ್ಲಿಗೆ ಹೋಗುತ್ತಾರೆ, ಅದೂ ನಿಜ. ಆದರೂ ಉರಿಯುತ್ತದೆ.

ನಿನಗಿನ್ನು ಆರು ವರ್ಷ ಉಳಿದಿದೆ. ಅದಾದ ಮೇಲೆ ಅಸಲು ಕೈಗೆ ಬರುತ್ತದೆ, ನೀನು ಬರುವುದು ನಿಲ್ಲುತ್ತದೆ. ಆ ವರ್ಷದ ಚಳಿಗಾಲದಲ್ಲಿ ಫೋನು ಸುಮ್ಮನೆ ಬಿದ್ದಿರುವುದನ್ನು ನೋಡುತ್ತಾ ಅವರು ತಿಂಡಿ ತಿನ್ನುವುದನ್ನು ನೆನೆಸಿಕೊಂಡರೆ ನನಗೆ ಯಾಕೋ ಇಷ್ಟವಾಗುವುದಿಲ್ಲ. ಅಲ್ಲಿಯ ತನಕ ನಿನ್ನ ಹೊತ್ತಿಗೆ ನೀನು ಬಾ. ಕೆಳಗಿನ ಮನೆಯವಳ ಜೊತೆ ಮಾತಾಡಿದ್ದೇನೆ, ಆ ಎರಡು ದಿನ ಬಟ್ಟೆ ಬೇರೆ ಕಡೆ ಒಣಹಾಕುತ್ತಾಳೆ. ಚಳಿಗಾಲದಲ್ಲಿ ನೀನು ಬರುವ ದಿನ ಬೆಳಿಗ್ಗೆ ನಾನು ಗಿಡಗಳಿಗೆ ನೀರು ಹಾಕುವುದಿಲ್ಲ. ಒಣಗಿಸಿಯೇ ಇಟ್ಟಿರುತ್ತೇನೆ, ಅವರಿಗೆ ಕೆಲಸವಿರಲಿ.

ನಿನ್ನ ಮಗಳು ಚೆನ್ನಾಗಿರಲಿ, ಅವಳು ಕಟ್ಟುವ ಕಟ್ಟಡದಲ್ಲಿ ಯಾರೂ ಲಿಫ್ಟಿನೊಳಗೆ ಸಿಕ್ಕಿಕೊಳ್ಳದಿರಲಿ ಎಂದು ಅಲ್ಲಿಂದಲೇ ಹರಸು. ನನ್ನನ್ನೂ ಹರಸು, ಮಿಕ್ಕಿದ್ದರೆ.

ನಿನ್ನ ಫೋಟೋದ ಗಾಜು ಒರೆಸುವ, ನಿನ್ನ ಮೇಲೆ ಹೊಟ್ಟೆಕಿಚ್ಚು ಪಡಲು ಈ ಲೋಕದಲ್ಲಿ ಹಕ್ಕಿರುವ ಒಬ್ಬಳೇ ತಂಗಿ,
'ಇಲ್ನೋಡಿ'